ಬೆರಳಿಲ್ಲದವರ ಸಾಲು

ಮೂರನೇ ಸಲವೂ ಯಂತ್ರ ಕೆಂಪು ದೀಪ ತೋರಿಸಿತು. ಫಕ್ರುದ್ದೀನ್ ಹೆಬ್ಬೆರಳನ್ನು ಲುಂಗಿಗೆ ಒರೆಸಿಕೊಂಡು ಮತ್ತೆ ಒತ್ತಿದ. ಮತ್ತೆ ಕೆಂಪು.

"ಸಾಬ್ರೇ, ಗಟ್ಟಿಯಾಗಿ ಒತ್ತಬ್ಯಾಡಿ, ಮೆತ್ತಗೆ ಇಡಿ," ಎಂದಳು ಕೌಂಟರಿನ ಹುಡುಗಿ ಚೈತ್ರ.

"ಮೆತ್ತಗೂ ಇಟ್ಟಾಯ್ತು, ಗಟ್ಟಿಯಾಗೂ ಇಟ್ಟಾಯ್ತು ಕಣಮ್ಮ. ಇನ್ನೇನು ಮುದ್ದು ಮಾಡ್ಲಾ ಇದನ್ನ?"

ಸಾಲು ನಕ್ಕಿತು. ಅವನು ನಗಲಿಲ್ಲ. ರೇಷನ್ ಕಾರ್ಡಿಗೆ ಬೆರಳಚ್ಚು ಜೋಡಿಸಲು ಇವತ್ತು ಸಂಜೆ ಐದು ಗಂಟೆಯೇ ಕಡೆಯ ಗಡುವು. ಜೋಡಿಸದ ಕಾರ್ಡು ನಾಳೆಯಿಂದ ರದ್ದು. ಕಾರ್ಡು ರದ್ದಾದರೆ ಹೆಂಡತಿ ನಫೀಸಾಳ ಪಿತ್ತಕೋಶದ ಕಲ್ಲಿಗೆ ಸೋಮವಾರ ಮೈಸೂರಿನಲ್ಲಿ ಆಗಬೇಕಾದ ಬಿಟ್ಟಿ ಆಪರೇಷನ್ನೂ ಇಲ್ಲ. ಅವಳು ರಾತ್ರಿಯೆಲ್ಲ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿ ಕೂರುವುದನ್ನು ಅವನು ಎರಡು ತಿಂಗಳಿಂದ ನೋಡುತ್ತಿದ್ದ.

ಹುಣಸೂರಿನ ಈ ಜನಸೇತು ಕೇಂದ್ರದ ಗೋಡೆ ತುಂಬ ಬ್ಯಾನರುಗಳು. 'ಬೆರಳ ತುದಿಯಲ್ಲಿ ಸರ್ಕಾರ', 'ಈಗ ಎಐ ಬಲದೊಂದಿಗೆ'. ಹೋದ ತಿಂಗಳು ಟೇಪು ಕತ್ತರಿಸಿ, ಲಾಡು ಹಂಚಿ, ಡ್ರೋನು ಹಾರಿಸಿ ಉದ್ಘಾಟಿಸಿದ್ದರು. ಆ ಎಐ ಮಹಾಶಯ ಮುಖ ನೋಡಿಯೇ ಗುರುತು ಹಿಡಿಯುತ್ತಾನಂತೆ. ಇವತ್ತು ಬೆಳಗ್ಗೆಯಿಂದ ಅವನ ಪರದೆಯ ಮೇಲೆ ಮಾತ್ರ ಬರೀ ಚಕ್ರ ಸುತ್ತುತ್ತಿತ್ತು. ಅದರಡಿ ಅರೆದುಹೋಗುತ್ತಿದ್ದುದು ಕೂಲಿ ಬಿಟ್ಟು ಬಂದವರ ದಿನ.

ಮೂವತ್ತು ವರ್ಷದಿಂದ ಫಕ್ರುದ್ದೀನ್ ಬೀರು, ಮಂಚಗಳಿಗೆ ಅರಗಿನ ಪಾಲಿಶ್ ಹಾಕುವವನು. ಬರಿಗೈಯಲ್ಲಿ ಹತ್ತಿಯುಂಡೆ ಹಿಡಿದು ತಿಕ್ಕಿ ತಿಕ್ಕಿ ಬೆರಳಿನ ಗೆರೆಗಳಲ್ಲೆಲ್ಲ ಅರಗು ಕೂತುಬಿಟ್ಟಿತ್ತು. ಹೋದ ವಾರ ಯಂತ್ರ ಒಪ್ಪದಿದ್ದಾಗ ಚೈತ್ರಳೇ ಕೈ ಸ್ವಚ್ಛ ಮಾಡಿಕೊಂಡು ಬರಲು ಹೇಳಿ ಕಳಿಸಿದ್ದಳು. ಅವನಿಗೆ ಗೊತ್ತಿದ್ದ ಸ್ವಚ್ಛ ಒಂದೇ. ಹಳೆಯ ಪಾಲಿಶ್ ತೆಗೆಯುವ ಹಾಗೆ ಹತ್ತು ಬೆರಳನ್ನೂ ಸ್ಪಿರಿಟ್ಟಿನಲ್ಲಿ ನೆನೆಸಿ, ನಯವಾದ ಉಪ್ಪುಕಾಗದದಿಂದ ನಾಲ್ಕು ದಿನ ಉಜ್ಜಿದ. ಅರಗು ಹೋಯಿತು. ಗೆರೆಗಳೂ ಹೋದವು.

"ಉಪ್ಪುಕಾಗದದಲ್ಲಾ?" ಚೈತ್ರ ಅವನ ಕೈಯನ್ನು ಬೆಳಕಿಗೆ ತಿರುಗಿಸಿ ನೋಡಿದಳು. "ಅಯ್ಯೋ ಸಾಬ್ರೇ, ಇದೇನು ಬೀರು ಬಾಗಿಲಾ?"

"ಕ್ಲೀನ್ ಮಾಡ್ಕಂಡು ಬನ್ನಿ ಅಂದೋಳು ನೀನೇ ಅಲ್ವೇನಮ್ಮ!"

ಹಿಂದೆ ನಿಂತಿದ್ದ ಬಿಳಿಕೆರೆಯ ಕೂಲಿ ಹೆಂಗಸು ಚಿಕ್ಕಬೀರಮ್ಮ ತನ್ನ ಕಪ್ಪಾದ ಅಂಗೈ ಚಾಚಿದಳು. "ನಂದೂ ಅಂಗೇ ಕಣವ್ವ. ಹೊಗೆಸೊಪ್ಪು ಕಟ್ಟಿ ಕಟ್ಟಿ ಅಂಟು ಕೂತದೆ. ನಾನೂ ಉಜ್ಕಂಡು ಬರ್ಬೇಕಿತ್ತೇನೋ."

"ಬ್ಯಾಡ ಬುಡಕ್ಕ, ನನ್ ಗತಿ ನೋಡು," ಎಂದ ಫಕ್ರುದ್ದೀನ್. ಚೈತ್ರಳ ಕಡೆ ತಿರುಗಿದ. "ಬೇರೆ ದಾರಿ ಇಲ್ವಾ ತಾಯಿ?"

"ಇಲ್ಲ," ಎಂದಳು, ಕೀಬೋರ್ಡು ನೋಡುತ್ತ.

ಮರದ ಬಿರುಕಿಗೆ ಮೇಣ ತುಂಬಿ ಮುಚ್ಚಿದ್ದರೆ ದೂರದಿಂದಲೇ ಗುರುತು ಹಿಡಿಯುವ ಕಣ್ಣು ಅವನದು. "ಅದೆ. ಹೇಳು."

ಅವಳ ದನಿ ತಗ್ಗಿತು. "ಒಂದು ಬಟನ್ ಅದೆ. ಬೆರಳಚ್ಚು ಬರದೋರಿಗೆ ಅಂತ. ಒತ್ತಬ್ಯಾಡ ಅಂದವ್ರೆ ಮ್ಯಾನೇಜರು. ಕೇಂದ್ರದ ಕೆಲಸ ನೂರಕ್ಕೆ ನೂರು ಯಂತ್ರದಲ್ಲೇ ಆಯ್ತು ಅಂತ ಪ್ರಶಸ್ತಿಗೆ ಬರೆದವ್ರೆ."

"ನಿಮ್ ಪ್ರಶಸ್ತಿಗೆ ನನ್ ಹೆಂಡ್ತಿ ನರಳ್ಬೇಕಾ?" ಅವನು ಎರಡೂ ಕೈ ಕೌಂಟರಿನ ಮೇಲೆ ಊರಿದ. "ಆ ಬಟನ್ ಒತ್ತೋ ತಂಕ ಕದಲಾಕಿಲ್ಲ ನಾನು. ನಿಮ್ ಮ್ಯಾನೇಜರು ಬಂದು ಎತ್ತಾಕ್ಲಿ."

"ಎತ್ತದಾದ್ರೆ ನನ್ನೂ ಸೇರ್ಸಿ ಎತ್ಲಿ," ಎಂದಳು ಚಿಕ್ಕಬೀರಮ್ಮ. ಸಾಲು ಒತ್ತಿಕೊಂಡು ಮುಂದೆ ಬಂತು.

ನಾಲ್ಕೂ ಹತ್ತು. ಚೈತ್ರ ಬಾಗಿಲ ಕಡೆ ನೋಡಿದಳು, ತುಟಿ ಕಚ್ಚಿ ಬಟನ್ ಒತ್ತಿದಳು. ಪರದೆ ಕಾರಣ ಕೇಳಿತು. ಕೈ ಇಲ್ಲ, ಬೆರಳಿಲ್ಲ, ಹಾಸಿಗೆ ಹಿಡಿದಿದ್ದಾರೆ. ಮೂರೇ.

"ದುಡಿದು ಸವೆದದೆ ಅಂತ ಇಲ್ವಾ?"

"ಇಲ್ಲ ಸಾಬ್ರೇ."

ಅವನು ತನ್ನ ಹತ್ತು ಬೆರಳನ್ನೂ ಒಮ್ಮೆ ನೋಡಿಕೊಂಡ. "ಬೆರಳಿಲ್ಲ ಅಂತ್ಲೇ ಒತ್ತಮ್ಮ."

ಹಸಿರು ದೀಪ. ಕಾರ್ಡು ಉಳಿಯಿತು. ಆದರೂ ಅವನು ಮನೆಗೆ ಓಡಲಿಲ್ಲ. ಪಕ್ಕಕ್ಕೆ ಸರಿದು, ಚಿಕ್ಕಬೀರಮ್ಮನನ್ನು ಮುಂದೆ ಬಿಟ್ಟ. ಅವಳಿಗೂ ಬೆರಳಿಲ್ಲ. ಅವಳ ಹಿಂದಿನವರಿಗೂ ಇಲ್ಲ.

ಐದಕ್ಕೆ ಕಾಲು ಗಂಟೆ ಇರುವಾಗ ಫೋನು ಬಡಿದುಕೊಂಡಿತು. ಮ್ಯಾನೇಜರನ ಕೂಗು ಸಾಲಿಗೆಲ್ಲ ಕೇಳಿಸಿತು. "ಏನಮ್ಮ ಇದು? ಒಂದೇ ಮಧ್ಯಾಹ್ನಕ್ಕೆ ಹನ್ನೊಂದು ಜನಕ್ಕೆ ಬೆರಳೇ ಇಲ್ವಾ?"

ಚೈತ್ರ ಸಾಲಿನ ಕಡೆ ನೋಡಿದಳು. "ಇಲ್ಲ ಸಾರ್," ಎಂದಳು. "ಇನ್ನೂ ಆರು ಜನ ನಿಂತವ್ರೆ."

ಫೋನು ಬೋರಲು ಹಾಕಿ ಕತ್ತೆತ್ತಿದಳು.

"ಮುಂದಿನೋರು ಬನ್ನಿ. ಬೇಗ."