ಉದ್ದವ್ವನ ಕೋಣ

ನಮ್ಮೂರ ಮಡುವಿನಲ್ಲಿ ಒಂದು ಕೋಣವಿದೆ ಎಂದು ದಡ್ಡಿಯಿಂದ ಹುಕ್ಕೇರಿಯವರೆಗೆ ಯಾರನ್ನು ಕೇಳಿದರೂ ಹೇಳುತ್ತಾರೆ. ಕಂಡವರು ಯಾರು ಎಂದರೆ ಮಾತ್ರ ಎಲ್ಲರಿಗೂ ಕೆಮ್ಮು ಬರುತ್ತದೆ. ಮೈತುಂಬ ಪಾಚಿಯಂತೆ, ಕೋಡು ಹಿಂದಕ್ಕೆ ಬಾಗಿವೆಯಂತೆ. ಬೇಸಿಗೆಯಲ್ಲಿ ಹೊಳೆ ಇಳಿದಾಗ ನೀರಿನ ಕೆಳಗಿಂದ ಗುಟುರು ಹಾಕುತ್ತದೆ. ಅದು ಒಯ್ದ ಮನುಷ್ಯ ಸಾಯುವುದಿಲ್ಲ, ಮಡುವಿನ ತಳದಲ್ಲಿ ಅದರ ಚಾಕರಿ ಮಾಡಿಕೊಂಡಿರುತ್ತಾನೆ. ನಮ್ಮವರ ಬುದ್ಧಿ ನೋಡಿ, ನೀರಿನ ಕೆಳಗೂ ಕೆಲವರಿಗೆ ಚಾಕರಿ ತಪ್ಪಿಸಲಿಲ್ಲ.

ಕೋಣ ಒಯ್ದದ್ದು ಒಬ್ಬನನ್ನೇ, ಕೇರಿಯ ಭೀಮರಾಯನನ್ನು. ರಾವಸಾಹೇಬ ಸಾವಕಾರರ ಕಬ್ಬಿನ ಹೊಲದಲ್ಲಿ ಅವನು ಆಳಾಗಿದ್ದ. ಆಗ ಅವನ ಹೆಂಡತಿ ಉದ್ದವ್ವನಿಗೆ ತುಂಬು ಹರೆಯ, ಮಗಳು ಆಮ್ರಪಾಲಿ ಇನ್ನೂ ತೊಟ್ಟಿಲಲ್ಲಿದ್ದಳು. ಗಂಡ ಸತ್ತಿಲ್ಲವಾದ್ದರಿಂದ ಉದ್ದವ್ವನ ತಾಳಿ, ಕುಂಕುಮ, ಹಸಿರು ಬಳೆ ಹಾಗೇ ಉಳಿದವು. ಅವಳದು ಸಾವಿಲ್ಲದ ಮುತ್ತೈದೆತನ ಎಂದು ಕೇರಿಯ ಯಾವ ಮದುವೆಯಲ್ಲೂ ಅರಿಷಿಣ ಕುಟ್ಟುವ ಒನಕೆಯನ್ನು ಮೊದಲು ಅವಳ ಕೈಗೇ ಕೊಡುತ್ತಿದ್ದರು. ಅಮಾವಾಸ್ಯೆಗೊಮ್ಮೆ ಅವಳು ಮಡುವಿನ ದಂಡೆಗೆ ಹೋಗಿ ಗಂಡನಿಗೆಂದು ರೊಟ್ಟಿ ಇಟ್ಟು ಬರುತ್ತಿದ್ದಳು.

ಆಮ್ರಪಾಲಿ ಓದಿ ಹುಕ್ಕೇರಿಯಲ್ಲಿ ವಿಜ್ಞಾನದ ಟೀಚರ್ ಆದಳು. ಈ ಸಲ ಬೇಸಿಗೆ ರಜೆಗೆ ಬಂದವಳು ಕೋಣದ ಬೆನ್ನು ಹತ್ತಿದಳು. ಮೊಸಳೆಯೋ, ನೀರುನಾಯಿಯೋ ಎಂದು ದಂಡೆಯಲ್ಲಿ ಕುಳಿತು ಕಾದಳು. ಕೋಣ ಕೂಗಿದ್ದು ಖರೆ, ಆದರೆ ತ್ರೀಫೇಸ್ ಕರೆಂಟು ಇದ್ದಾಗ ಮಾತ್ರ. ಕರೆಂಟು ಹೋದರೆ ಕೋಣವೂ ಗಪ್ಪು. ರಾವಸಾಹೇಬರ ಮೋಟರಿನ ಪೈಪು ಮಡುವಿಗೆ ಇಳಿದಿತ್ತು. ನೀರು ಕಡಿಮೆಯಾದಾಗ ಪೈಪಿನ ಬಾಯಿ ಗಾಳಿ ಎಳೆದುಕೊಂಡು ಗುಟುರು ಹಾಕುತ್ತಿತ್ತು. ಮೋಟರು ಕೂಡಿಸುವ ಮುಂಚೆ ಈ ಕೋಣದ ಹೆಸರು ಕೇಳಿದ್ದೆ ಎನ್ನುವ ಒಬ್ಬ ಮುದುಕನೂ ಊರಲ್ಲಿ ಸಿಗಲಿಲ್ಲ.

ಆ ಕಾಲದಲ್ಲಿ ಮೋಟರು ಚಾಲೂ ಮಾಡುತ್ತಿದ್ದ ಯಲ್ಲಪ್ಪನನ್ನು ಅವಳು ಹಿಡಿದು ಕೇಳಿದಳು. ಆತ ಬಹಳ ಹೊತ್ತು ಅಂಗೈಯಲ್ಲಿ ತಂಬಾಕು ತಿಕ್ಕಿದ.

"ಪೈಪಿನ ಬಾಯಿಗಿ ಕಸಾ ಸಿಕ್ಕಿತ್ತು ತಂಗಿ. ತಗ್ಯಾಕ ನಿಮ್ಮಪ್ಪ ಮುಳಗಿದಾ. ಮೋಟರ್ ಬಂದ್ ಮಾಡ್ಲೇನ್ರಿ ಅಂದ್ನಿ. ಬ್ಯಾಡ, ಕರೆಂಟ್ ಹೋಗೂದ್ರಾಗ ಕಬ್ಬಿಗಿ ನೀರ ಮುಟ್ಟಬೇಕು ಅಂದ್ರು ಸಾವಕಾರ್ರು. ಅವನ ಕೈ ಒಳಗ ಎಳಕೊಂಡು ಬಿಡ್ತು."

ಹೆಣವನ್ನು ಆಚೆ ದಂಡೆಯ ಉಸುಕಿನಲ್ಲಿ ಹುಗಿದರಂತೆ. ಮಳೆಗಾಲದ ಹೊಳೆ ಉಸುಕನ್ನೂ ಹೆಣವನ್ನೂ ಒಯ್ದಿತು. ಪೊಲೀಸರು ಬಂದು ಕೇಳುವ ಮುಂಚೆಯೇ ಸಾವಕಾರರ ಬಾಯಲ್ಲಿ ಕೋಣ ಹುಟ್ಟಿತ್ತು.

ಆಮ್ರಪಾಲಿಗೆ ಮೈಯೆಲ್ಲ ಉರಿಯಿತು. ಅವ್ವನಿಗೂ ಹೇಳದೆ ಮರುದಿನ ಯಲ್ಲಪ್ಪನನ್ನು ಕರೆದುಕೊಂಡು ಪಂಚಾಯ್ತಿ ಕಟ್ಟೆಗೆ ಹೋದಳು. ಊರೆಲ್ಲ ಸೇರಿತು, ಉದ್ದವ್ವನೂ ಬಂದು ಹೆಂಗಸರ ಹಿಂದೆ ನಿಂತಳು. ಆಮ್ರಪಾಲಿ ಎಲ್ಲ ಬಿಡಿಸಿ ಹೇಳಿ, ನಮ್ಮಪ್ಪನನ್ನು ಕೊಂದವರು ಯಾರು ಎಂದು ರಾವಸಾಹೇಬರ ಮುಖ ನೋಡಿಯೇ ಕೇಳಿದಳು. ಯಲ್ಲಪ್ಪ ತಲೆ ತಗ್ಗಿಸಿ ನಿಂತಿದ್ದ.

ರಾವಸಾಹೇಬರು ಸಿಟ್ಟಾಗಲಿಲ್ಲ. ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು ಸಾವಕಾಶ ಹೇಳಿದರು.

"ಹಂಗಾರ ಕ್ವಾಣ ಇಲ್ಲ ಅಂದಂಗಾತು. ಕ್ವಾಣ ಇಲ್ಲಂದ್ರ ಭೀಮರಾಯ ಸತ್ತಾನ. ಅವ ಸತ್ತಿದ್ರ ಉದ್ದವ್ವನ ಕೊಳ್ಳಾಗ ತಾಳಿ ಯಾಕ ಐತಿ?"

ಊರಿಗೆ ಊರೇ ಹಿಂದಿರುಗಿ ಉದ್ದವ್ವನನ್ನು ನೋಡಿತು. ಮೋಟರಿನ ಮಾತನ್ನು ಒಬ್ಬರೂ ಎತ್ತಲಿಲ್ಲ. ಸತ್ತವನ ಹೆಂಡತಿಯ ಕೈಯಿಂದ ನಮ್ಮ ಮಕ್ಕಳ ಅರಿಷಿಣ ಕುಟ್ಟಿಸಿದೆವಲ್ಲ ಎಂದು ಮೊದಲು ಗೋಳಾಡಿದವಳು ಬಾಜೂ ಮನೆಯ ಶೆಟ್ಟೆವ್ವ, ಅದೇ ಕೇರಿಯವಳು. ಬಡವನ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ. ಇಲ್ಲಿ ಸಿಟ್ಟು ಮಗಳದು, ದವಡೆ ತಾಯಿಯದಾಯಿತು. ಹೊತ್ತು ಮುಳುಗುವುದರೊಳಗೆ ಹೆಂಗಸರು ಬಂದು ಉದ್ದವ್ವನ ಬಳೆ ಒಡೆದು, ತಾಳಿ ಬಿಚ್ಚಿಸಿ ಹೋದರು. ತಡೆಯಲು ಹೋದ ಆಮ್ರಪಾಲಿಯನ್ನು ಅವ್ವನೇ ಕೈಸನ್ನೆ ಮಾಡಿ ನಿಲ್ಲಿಸಿದಳು.

ಆಮ್ರಪಾಲಿ ಯಲ್ಲಪ್ಪನ ಮನೆಗೆ ಓಡಿದಳು. ಹುಕ್ಕೇರಿ ಸ್ಟೇಷನ್ನಿಗೆ ಬಂದು ಇದನ್ನೇ ಹೇಳು ಕಾಕಾ ಎಂದು ಬೇಡಿಕೊಂಡಳು. ಯಾವ ಮೋಟರು, ಯಾವ ಕಸ, ಭೀಮರಾಯನನ್ನು ಕೋಣ ಒಯ್ದದ್ದನ್ನು ನಾನೇ ಕಣ್ಣಾರೆ ಕಂಡೆ ಎಂದು ಆತ ಕದ ಹಾಕಿಕೊಂಡ. ಪೊಲೀಸರ ಮುಂದೆ ಕೋಣ ಇದೆ, ಉದ್ದವ್ವನ ಕೊರಳ ಮಟ್ಟಿಗೆ ಮಾತ್ರ ಇಲ್ಲ. ಇಂಥ ಊರಿನಲ್ಲಿ ಹುಟ್ಟಿದ್ದಕ್ಕೆ ನನಗೇ ನಾಚಿಕೆಯಾಗುತ್ತದೆ.

ಅವಳು ಮನೆಗೆ ಬಂದಾಗ ಉದ್ದವ್ವ ಬರಿಗೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬಳೆಯ ಸದ್ದಿಲ್ಲದ ಆ ಬಡಿತ ಕೇಳಿ ಮಗಳು ಅತ್ತಳು. ಅಪ್ಪನ ವಿಷಯದ ನಿಜ ನಿನಗೂ ತಿಳಿಯಲಿ ಎಂದು ಮಾಡಿದೆನವ್ವಾ ಎಂದಳು.

"ನನಗ ಅವತ್ತ ಗೊತ್ತಿತ್ತು. ಬುತ್ತಿ ತಗೊಂಡು ದಂಡಿಗಿ ಹೋಗಿದ್ನಿ, ಹುಗಿಯೂದು ನೋಡೀನಿ," ಎಂದಳು ಉದ್ದವ್ವ. "ಆಮ್ಯಾಲ ಸಾವಕಾರ್ರ ಮನಿ ಗಂಡಸ್ರು ರಾತ್ರಿ ಬಂದು ಬಾಗಲಾ ಬಡ್ಯಾಕ ಹತ್ತಿದ್ರು. ನಾ ತಾಳಿ ತಗೀಲಿಲ್ಲ, ಕ್ವಾಣ ಒಯ್ದೈತಿ ಅಂತ ನಾನೂ ಅಂದ್ನಿ. ಕ್ವಾಣನ ಆಳಿನ ಹೇಣ್ತಿ ಅಂತ ಅಂಜಿ ಬಿಟ್ರು. ಅದರ ನೆಳ್ಳಾಗ ನಿನ್ನ ಸಾಲಿ ಕಲಿಸೀನಿ."

ಉದ್ದವ್ವ ರೊಟ್ಟಿಯನ್ನು ಹಂಚಿಗೆ ಹಾಕಿದಳು.

"ಏಳು, ಬಾಗಲಕ್ಕ ಅಗಳಿ ಹಾಕಿ ಬಾ."