ಸಹಿ ಹಾಕದ ಡಾಕ್ಟರು

ತನ್ನ ದೇಶದಲ್ಲಿ ಹಲವು ವರ್ಷ ಮಕ್ಕಳ ಡಾಕ್ಟರಾಗಿದ್ದ ಅತ್ತಿಗೆ ವಲಸೆ ಬಂದ ಈ ದೇಶದಲ್ಲಿ ಯಾರ ನಾಡಿಯನ್ನೂ ಹಿಡಿಯುವಂತಿರಲಿಲ್ಲ. ಇಲ್ಲಿನ ಪರೀಕ್ಷೆಗಳೆಲ್ಲ ಪಾಸಾಗಿದ್ದರೂ, ಯಾವುದಾದರೂ ಆಸ್ಪತ್ರೆ ರೆಸಿಡೆಂಟ್, ಅಂದರೆ ತರಬೇತಿ ಡಾಕ್ಟರಾಗಿ ಸೇರಿಸಿಕೊಂಡು ಮತ್ತೆ ತರಬೇತಿ ಕೊಡಬೇಕಿತ್ತು. ಹೊರದೇಶದಲ್ಲಿ ಓದಿದ ಡಾಕ್ಟರುಗಳಿಗೆ ಇದಕ್ಕೆ ದಾರಿ ತೋರಿಸುವ ಕಚೇರಿಯಲ್ಲೇ ಅವಳ ನಾದಿನಿಗೆ ಕೆಲಸ.

ತೊಡಕು ಒಂದೇ: ಕೆಲಸವಿಲ್ಲದ ಎರಡು ವರ್ಷ. ಹಳೆಯ ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿದು ಮಗುವೊಂದು ತೀರಿಕೊಂಡಿತ್ತು. ನ್ಯುಮೋನಿಯಾ ಎಂದು ಬರೆದು ಸಹಿ ಹಾಕು ಎಂದರು ಮೇಲಿನವರು. ಅತ್ತಿಗೆ ಹಾಕಲಿಲ್ಲ; ಮಗುವಿನ ತಾಯಿಗೆ ನಿಜವನ್ನೇ ಹೇಳಿದಳು. ಕೆಲಸ ಹೋಯಿತು, ಬೇರೆ ಆಸ್ಪತ್ರೆಯವರೂ ಬಾಗಿಲು ಹಾಕಿಕೊಂಡರು.

"ಸಂದರ್ಶನದಲ್ಲಿ ಕೇಳಿದ್ರೆ ಮನೆ ತಾಪತ್ರಯ ಇತ್ತು ಅಂತ ಹೇಳಿಬಿಡಿ ಅತ್ತಿಗೆ. ಎಲ್ಲರಿಗೂ ಅದನ್ನೇ ಹೇಳಿಕೊಡೋದು ನಾನು."

"ಮನೇಲೇನು ತಾಪತ್ರಯ? ನಿಮ್ಮಣ್ಣ ಅಡುಗೆ ಮಾಡ್ತಿದ್ದದ್ದು ಒಂದೇ."

ನಾದಿನಿಗೆ ನಗು ಬಂದರೂ ಪಟ್ಟು ಬಿಡಲಿಲ್ಲ. "ಜಗಳಗಂಟಿ ಅಂದ್ಕೋತಾರೆ."

"ಅಂದ್ಕೊಳ್ಳಲಿ. ಆ ಮಗುವಿನ ತಾಯಿ ಎದುರಿಗೆ ಆಡಿದ ಮಾತನ್ನ ಇಲ್ಲಿ ನುಂಗ್ಲಾ?"

ಕರೆದ ಒಂದೇ ಆಸ್ಪತ್ರೆಯ ಸಂದರ್ಶನದಲ್ಲಿ ಅತ್ತಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಆ ಆಸ್ಪತ್ರೆ ತೆಗೆದುಕೊಳ್ಳಲಿಲ್ಲ. ಬೇರೆಯವು ಕರೆಯಲೂ ಇಲ್ಲ.

"ಯಥಾರ್ಥವಾದಿ ಲೋಕವಿರೋಧಿ ಅಂತ ಅಮ್ಮ ಸುಮ್ನೆ ಹೇಳ್ತಿರಲಿಲ್ಲ!" ನಾದಿನಿ ಸಿಡುಕಿದಳು.

"ಲೋಕ ಹಾಗಿರಲಿ, ಊಟಕ್ಕೆ ಬಾ."

ತಟ್ಟೆಯ ಮುಂದೆ ಕೂತು ನಾದಿನಿ ಮೊದಲ ಸಲ ಕೇಳಿದಳು, "ಮಗು ಎಷ್ಟು ದೊಡ್ಡದಿತ್ತು?"

"ಏಳು ತಿಂಗಳು. ಆಗತಾನೇ ಕೂರೋದು ಕಲಿತಿತ್ತಂತೆ."



ಮರುವರ್ಷದ ಅರ್ಜಿಯಲ್ಲಿ ಆ ಎರಡು ವರ್ಷಕ್ಕೆ ನಾದಿನಿಯ ಕಚೇರಿಯ ಯಜಮಾನರೇ 'ಕೌಟುಂಬಿಕ ಕಾರಣ' ಎಂದು ತಿದ್ದಿದರು. ನಾದಿನಿ ಅದನ್ನು ಅಳಿಸಿ ಅತ್ತಿಗೆಯ ಮಾತನ್ನೇ ಮತ್ತೆ ಹಾಕಿದಳು.

"ಸೋತರೆ ನಮಗೆ ಕೆಟ್ಟ ಹೆಸರು," ಎಂದರು ಅವರು.

"ಬರಲಿ ಸರ್. ಸುಳ್ಳು ಹೇಳಿಸಿ ಗೆಲ್ಲಿಸಿದ್ದು ಸಾಕು."

ಊರಾಚೆಯ ಸಣ್ಣ ಆಸ್ಪತ್ರೆಯೊಂದು ಕರೆಯಿತು. ಹಿರಿಯ ಡಾಕ್ಟರೊಬ್ಬರು ಕನ್ನಡಕ ತೆಗೆದು ಕೇಳಿದರು, "ಇಲ್ಲೂ ನಾವು ಸಹಿ ಹಾಕು ಅಂದ್ರೆ?"

"ನಿಜ ಇದ್ರೆ ಹಾಕ್ತೀನಿ. ಸುಳ್ಳಿದ್ರೆ ಇಲ್ಲೂ ಹಾಕಲ್ಲ. ಅಂಥವಳು ಬೇಡ ಅಂದ್ರೆ ಈಗಲೇ ಹೇಳಿಬಿಡಿ, ಬಸ್ಸು ಹಿಡೀತೀನಿ."

ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬರು ಮುಖ ಸಿಂಡರಿಸಿದರು. ಕೇಳಿದವರು ಮಾತ್ರ ಗಟ್ಟಿಯಾಗಿ ನಕ್ಕು, "ಕೂತ್ಕೊಳ್ಳಿ, ಇನ್ನೂ ಮುಗಿದಿಲ್ಲ," ಎಂದರು. ಅವರೇ ಪಟ್ಟು ಹಿಡಿದು ಅವಳನ್ನು ಸೇರಿಸಿಕೊಂಡರು.

ಮೊದಲ ಬೆಳಿಗ್ಗೆ, ಅವಳ ಮೇಲಧಿಕಾರಿಯಾಗಿದ್ದ, ವಯಸ್ಸಿನಲ್ಲಿ ಅವಳಿಗಿಂತ ತುಂಬ ಚಿಕ್ಕವಳಾದ ಡಾಕ್ಟರ್ ವಾರ್ಡಿನ ಬಾಗಿಲಲ್ಲಿ ಕೇಳಿದಳು, "ಮಕ್ಕಳನ್ನ ನೋಡಿ ಅಭ್ಯಾಸ ಇದೆಯಾ?"

"ಇದೆ," ಎಂದ ಅತ್ತಿಗೆ, ಅಳುತ್ತಿದ್ದ ಮಗುವಿನ ಮಂಚದತ್ತ ಆಗಲೇ ಹೆಜ್ಜೆ ಹಾಕಿದ್ದಳು.