ಒಳಸಾಲಿನ ಇಟ್ಟಿಗೆ

ರಿಯಾಕ್ಟರ್ ನಿಂತು ಹನ್ನೊಂದು ದಿನವಾಗಿತ್ತು. ಪರದೆಯ ಮೇಲಿನ ಎಣಿಕೆಯ ಗೆರೆ ಮಾತ್ರ ಇಳಿಯುವ ಸುಳಿವೇ ಕೊಡಲಿಲ್ಲ. ಅವಳು ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಗೆರೆ ಇದ್ದಲ್ಲೇ ಇತ್ತು.

ನೆಲಮಾಳಿಗೆಯ ಆ ಕೋಣೆಯ ನಡುವೆ ಸೀಸದ ಇಟ್ಟಿಗೆಗಳ ಗೂಡು. ಅದರೊಳಗೆ, ಕೊರೆಯುವ ಚಳಿಯಲ್ಲಿ, ಅಂಚೆಚೀಟಿಯಷ್ಟಗಲದ ಸಿಲಿಕಾನ್ ಸೆನ್ಸರ್. ಗೋಡೆಯಾಚೆಯ ರಿಯಾಕ್ಟರಿನಿಂದ ಹೊರಡುವ ನ್ಯೂಟ್ರಿನೊಗಳು ಎಲ್ಲವನ್ನೂ ತೂರಿಕೊಂಡು ಹೋಗುತ್ತವೆ. ಅಪರೂಪಕ್ಕೊಂದು ಸಿಲಿಕಾನಿನ ಪರಮಾಣುವಿಗೆ ತಾಕಿದರೆ ನಾಲ್ಕೈದು ಎಲೆಕ್ಟ್ರಾನುಗಳು ಅಲುಗುತ್ತವೆ, ಅಷ್ಟೇ. ಆ ಅಲುಗಾಟಕ್ಕಾಗಿ ಅವಳು ಆರು ವರ್ಷ ಕಾದಿದ್ದಳು. ಹೋದ ವರ್ಷ ರಿಯಾಕ್ಟರ್ ನಿಂತಿದ್ದಾಗ ಎಣಿಕೆ ಕಡಿಮೆಯಿತ್ತು, ಮತ್ತೆ ಶುರುವಾದ ಮೇಲೆ ಏರಿತ್ತು. ಏರಿದ್ದೆಲ್ಲ ನ್ಯೂಟ್ರಿನೊ ಎಂದು ಪ್ರಬಂಧ ಬರೆದಾಗಿತ್ತು. ನಾಳೆ ಅವಳ ಮಾರ್ಗದರ್ಶಕರಾದ ಮೇಷ್ಟ್ರು ಅದನ್ನು ಸಭೆಯಲ್ಲಿ ಓದುವವರಿದ್ದರು. ಅವಳ ಡಾಕ್ಟರೇಟಿನ ಗಡುವು ಮುಂದಿನ ತಿಂಗಳಿಗೆ ಮುಗಿಯುತ್ತಿತ್ತು.

ಗೂಡು ಕಟ್ಟಿದ ಮೇಸ್ತ್ರಿಯನ್ನು ಕರೆಸಿದಳು.

“ಏನಮ್ಮಾ, ಹರಳೆಣ್ಣೆ ಕುಡಿದೋರ ಹಾಗೆ ಕೂತಿದ್ದೀರಿ?”

“ಹೋದ ವರ್ಷ ರಿಯಾಕ್ಟರ್ ಮತ್ತೆ ಶುರುವಾಗೋ ಮುಂಚೆ ಪಂಪಿನ ಪೈಪ್ ಬದಲಾಯಿಸೋಕೆ ಗೂಡು ಬಿಚ್ಚಿದ್ರಲ್ಲ ಮೇಸ್ತ್ರಿ, ಮತ್ತೆ ಕಟ್ಟುವಾಗ ಇದ್ದ ಇಟ್ಟಿಗೆನೇ ಇಟ್ರಾ?”

“ಇದ್ದಿದ್ದೇ. ಒಂದು ಬಿಟ್ಟು.”

ಅವಳು ಪರದೆ ಬಿಟ್ಟು ಅವರ ಕಡೆ ತಿರುಗಿದಳು.

“ಒಳಸಾಲಿನದೊಂದು ಕೈಜಾರಿ ಬಿತ್ತು, ಮೂಲೆ ಮುಕ್ಕಾಯ್ತು. ಮುಕ್ಕಾದ್ದನ್ನ ಹೇಗೆ ಇಡ್ಲಿ? ಉಗ್ರಾಣದಿಂದ ಹೊಸದು ತಂದಿಟ್ಟೆ. ಕೂದಲು ತೂರೋಷ್ಟೂ ಸಂದಿಲ್ಲ, ಬೇಕಾದ್ರೆ ನೋಡಿ.”

ಒಳಸಾಲಿನದೆಲ್ಲ ಮುಳುಗಿದ ಹಡಗೊಂದರಿಂದ ತೆಗೆದ ಸೀಸ. ಇನ್ನೂರು ವರ್ಷ ನೀರಿನಡಿ ಬಿದ್ದು, ತನ್ನೊಳಗಿನ ವಿಕಿರಣವನ್ನು ಹೆಚ್ಚುಕಡಿಮೆ ಪೂರ್ತಿ ಕಳೆದುಕೊಂಡದ್ದು. ಹೊಸ ಸೀಸ ಹಾಗಲ್ಲ, ತಾನೇ ಸಣ್ಣಗೆ ವಿಕಿರಣ ಸೂಸುತ್ತದೆ. ವರ್ಷವಿಡೀ ಅವಳು ಎಣಿಸಿದ್ದು ಅದನ್ನೇ.

ವಿಷಯ ಕೇಳಿ ಮೇಸ್ತ್ರಿ ಅಂಗೈ ನೋಡಿಕೊಂಡರು. “ಸೀಸಕ್ಕೂ ವಯಸ್ಸಿರುತ್ತೆ ಅಂತ ಯಾರಾದ್ರೂ ಹೇಳ್ಬೇಕಲ್ಲಮ್ಮ,” ಎಂದರು. ಆಮೇಲೆ, ಇನ್ನೂ ತಗ್ಗಿದ ದನಿಯಲ್ಲಿ, “ವರದಿಯಲ್ಲಿ ನನ್ನ ಹೆಸರು ಬರುತ್ತಾ?”

“ಇಲ್ಲ. ಹೇಳದೆ ಇದ್ದೋಳು ನಾನು.”

ಅವಳು ಮೇಷ್ಟ್ರಿಗೆ ಫೋನು ಹಚ್ಚಿದಳು.

“ಸರ್, ನಾಳೆ ಓದಬೇಡಿ. ಅದು ನ್ಯೂಟ್ರಿನೊ ಅಲ್ಲ.”

ಆ ಕಡೆ ಕಾಗದ ಮಗುಚುತ್ತಿದ್ದ ಸದ್ದು ನಿಂತಿತು.

“ಖಾತ್ರಿನಾ?”

“ಖಾತ್ರಿ ಸರ್.”

ಬಯ್ಯುತ್ತಾರೆಂದು ಕಾದಳು. ಬಯ್ಯಲಿಲ್ಲ. “ಊಟ ಆಯ್ತೇನಮ್ಮಾ?” ಎಂದು ಕೇಳಿ, ಉತ್ತರಕ್ಕೂ ನಿಲ್ಲದೆ ಫೋನಿಟ್ಟರು.

ತಿರುಗಿ ನೋಡಿದರೆ ಮೇಸ್ತ್ರಿ ಆಗಲೇ ಹೊರಸಾಲು ಬಿಚ್ಚತೊಡಗಿದ್ದರು. ಒಂದೊಂದೇ ಇಟ್ಟಿಗೆಯನ್ನು ಎರಡೂ ಕೈಯಲ್ಲೆತ್ತಿ, ನಿದ್ದೆಹೋದ ಮಗುವನ್ನು ಮಲಗಿಸುವವರಂತೆ ಸದ್ದಿಲ್ಲದೆ ನೆಲಕ್ಕಿಳಿಸುತ್ತಿದ್ದರು. ಅವಳು ಅಂಗಿಯ ತೋಳು ಮಡಿಸಿಕೊಂಡು ಎದುರು ನಿಂತು ಕೈಚಾಚಿದಳು. ಅವರು ಮುಖವೆತ್ತದೆ ಮುಂದಿನದನ್ನು ಅವಳ ಕೈಗಿಟ್ಟರು.